ಅಜ್ಜನ ಟ್ರಂಕಿನ ಕಾಗದ ದಿಲ್ಲಿಗೆ ಯಾಕೆ?

ಪ್ರಶ್ನೆ: ಸರ್, ನಮಸ್ಕಾರ್ರಿ. ಅಜ್ಜನ ಟ್ರಂಕಿನಾಗ ಮೋಡಿ ಲಿಪಿಯ (ಮರಾಠಿಯ ಹಳೇ ಕೂಡುಬರಹ) ಕಾಗದ, ರಾಣಿ ಛಾಪಿನ ಸ್ಟ್ಯಾಂಪ್ ಪೇಪರ್ ಸಿಕ್ಕಾವು. ಮಡಿಚಿದಲ್ಲಿ ಹರಿದಾವು. ಲ್ಯಾಮಿನೇಶನ್ ಮಾಡಿಸಲೇನ್ರಿ? ದಿಲ್ಲಿಯ ರಾಷ್ಟ್ರೀಯ ಪತ್ರಾಗಾರಕ್ಕ ಕೊಟ್ರ ತೊಗೋತಾರೇನು? ನಮ್ಮ ವತನದ (ವಂಶದ ಹುದ್ದೆಗೆ ಸಿಕ್ಕ ಜಮೀನು) ದಾಖಲೆ ಅಲ್ಲಿ ಸಿಗತಾವೇನು?
— ಓದುಗರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ಮೊದಲು ಲ್ಯಾಮಿನೇಶನ್ ಅಂಗಡಿಯ ದಾರಿ ಬಿಡ್ರಿ. ಬಿಸಿ ಪ್ಲಾಸ್ಟಿಕ್ಕಿನೊಳಗೆ ಸೇರಿದ ಕಾಗದವನ್ನು ಆಮೇಲೆ ಹಾನಿಯಿಲ್ಲದೆ ಬಿಡಿಸುವುದು ಬಹಳ ಕಷ್ಟ. ಸೆಲೋಟೇಪೂ ಬೇಡ. ವಿಜಯಪುರದ ಒಂದು ಮನೆಯಲ್ಲಿ ಖರೇದಿ ಪತ್ರ ನೋಡಿದ್ದೆ: ಟೇಪು ಉದುರಿತ್ತು, ಅದರ ಅಂಟಿನ ಕಂದು ಪಟ್ಟಿ ಸರಿಯಾಗಿ ಚಕ್ಕುಬಂದಿಯ ಸಾಲಿನ ಮೇಲೇ ಕೂತಿತ್ತು. ಪೂರ್ವಕ್ಕೆ ಯಾರ ಹೊಲ ಅನ್ನುವುದೇ ಹೋಯಿತು!

ಇನ್ನು ದಿಲ್ಲಿ. 1891ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂದು ಶುರುವಾದ ಪತ್ರಾಗಾರ ಅದು. ಅದರ ಮುಖ್ಯ ಕೆಲಸ ಕೇಂದ್ರ ಸರ್ಕಾರದ ಕಡತ ಕಾಯುವುದು. ಗಣ್ಯರ ಖಾಸಗಿ ಪತ್ರಗಳನ್ನೂ ಇಟ್ಟುಕೊಳ್ಳುತ್ತಾರೆ. ಒಂದು ಮನೆತನದ ಹೊಲದ ಕಾಗದಕ್ಕೆ ಅದು ತಕ್ಕ ಜಾಗವಲ್ಲ. ಆದರೂ ಅವರ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಬಿಜಾಪುರ ಅಂತಷ್ಟೇ ಹಾಕಿದರೆ ಸಾಲದು. 1885ರಲ್ಲಿ ಬಿಜಾಪುರಕ್ಕೆ ಬರುವ ಮೊದಲು ಜಿಲ್ಲಾ ಕೇಂದ್ರ ಕಲಾದಗಿ; ಆ ಹೆಸರಿನಲ್ಲೂ ನೋಡ್ರಿ.

ವತನ, ಇನಾಮಿನ ಬೇರು ಮಾತ್ರ ಬೇರೆ ಕಡೆ. 1956ರವರೆಗೆ ನಾವು ಮುಂಬಯಿಗೆ ಸೇರಿದವರು. ಹಾಗಾಗಿ ಮುಂಬಯಿಯ ರಾಜ್ಯ ಪತ್ರಾಗಾರ, ಪೇಶ್ವೆಗಳ ಆಡಳಿತದ ಕಾಗದಪತ್ರ ಇರುವ ಪುಣೆಯ ಪೇಶ್ವೆ ದಫ್ತರಗಳನ್ನು ಕೇಳಬೇಕು. ಪುಣೆಯಲ್ಲಿ ಮೋಡಿ ಕಾಗದ ಬಟ್ಟೆಯ ಗಂಟುಗಳಲ್ಲಿವೆ. ಊರು, ಪರಗಣೆ (ಹಳೇ ಕಾಲದ ಕಂದಾಯ ವಿಭಾಗ), ವತನದಾರರ ಹೆಸರು ಬರೆದುಕೊಂಡು ಹೋಗದಿದ್ದರೆ ಬರಿಗೈಯಲ್ಲಿ ಬರುವುದೇ ಸೈ. ದಿಲ್ಲಿಯ ಹೆಸರು ದೊಡ್ಡದು, ನಿಮ್ಮ ಕೆಲಸ ಆಗುವುದು ಪುಣೆಯಲ್ಲಿ.

ಮೂಲ ಪ್ರತಿಯನ್ನು ಯಾರ ಕೈಗೂ ಸುಮ್ಮನೆ ಕೊಡಬೇಡಿ. ನಮ್ಮ ಬಿಜಾಪುರದ ಆಸಾರ ಮಹಲಿನ ಹಸ್ತಪ್ರತಿಗಳು 19ನೇ ಶತಮಾನದಲ್ಲಿ ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಚೆನ್ನಾಗಿಯೇ ಇಟ್ಟಿದ್ದಾರೆ, ಆ ಮಾತು ಬೇರೆ. ಗೋಳಗುಮ್ಮಟದ ಊರಿನವನಿಗೆ ನೋಡಲು ವೀಸಾ ಬೇಕು.

ಈಗ ಮಾಡಬೇಕಾದದ್ದು: ನೆರಳಿನಲ್ಲಿ ಕಾಗದ ಬಿಡಿಸಿ, ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದು, ಒಗೆದು ಒಣಗಿಸಿದ ಹಳೇ ಧೋತರದಲ್ಲಿ ಸಡಿಲಾಗಿ ಸುತ್ತಿ. ಬಿಸಿಲಿಗೆ ಹಾಕಬೇಡಿ, ಪಿನ್ನು ಚುಚ್ಚಬೇಡಿ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಹಿಂಬದಿ ಖಾಲಿ ಇದೆ ಅಂತ ಬಿಟ್ಟೀರಿ ಮತ್ತೆ. ಸ್ಟ್ಯಾಂಪ್ ಯಾರು ಕೊಂಡರು, ಯಾವ ತಾರೀಖು ಅನ್ನುವುದನ್ನು ಮಾರಿದವನು ಎಷ್ಟೋ ಸಲ ಅಲ್ಲೇ ಬರೆದಿರುತ್ತಾನೆ.