ಇಗ್ನಿಷನ್ ಕಾಯಿಲ್‌ನಿಂದ ಎಂಜಿನ್ ವೇಗ ಅಳೆಯಬಹುದೇ?

ಡಿಸ್ಟ್ರಿಬ್ಯೂಟರ್ ಇರುವ ನಾಲ್ಕು ಸಿಲಿಂಡರ್‌ನ ಹಳೆಯ ಪೆಟ್ರೋಲ್ ಕಾರಿಗೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮೀಟರ್ ಮಾಡಲು, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನ ಸಂಕೇತ ಸಾಕೇ ಎಂದು ಕೇಳಿದ್ದೀರಿ. ಸಾಕು, ಆದರೆ ನೇರವಾಗಿ ಐಸಿಗೆ ಕೊಡಬೇಡಿ. ಡಿಸ್ಟ್ರಿಬ್ಯೂಟರ್‌ನೊಳಗಿನ ಪಾಯಿಂಟ್ (ಕಾಯಿಲ್‌ನ ವಿದ್ಯುತ್ ಕಡಿಯುವ ಸ್ವಿಚ್) ತೆರೆದ ಕ್ಷಣ ಕಾಯಿಲ್‌ನ ಋಣ ತುದಿಯಲ್ಲಿ ಕೆಲವು ನೂರು ವೋಲ್ಟ್ ಚಿಮ್ಮುತ್ತದೆ. ಅದರ ಬೆನ್ನಿಗೇ ಕಂಪನಗಳ ಸಾಲು. ರೆಸಿಸ್ಟರ್ ಮತ್ತು ಝೀನರ್ ಡಯೋಡ್‌ನಿಂದ ಅದನ್ನು ತಗ್ಗಿಸಿ, ಟ್ರಾನ್ಸಿಸ್ಟರ್ ಹಾಗೂ ಕೆಪಾಸಿಟರ್ ಮೂಲಕ 555 ಟೈಮರ್ ಐಸಿಯ ಮೊನೊಸ್ಟೇಬಲ್‌ಗೆ (ಒಮ್ಮೆ ಪ್ರಚೋದಿಸಿದರೆ ಒಂದೇ ಪಲ್ಸ್ ಕೊಡುವ ಸರ್ಕ್ಯೂಟ್) ನೀಡಿ. ಅದು ಪ್ರತಿ ಕಿಡಿಗೂ ಸುಮಾರು 3 ಮಿಲಿಸೆಕೆಂಡಿನ ಒಂದೇ ಅಳತೆಯ ಪಲ್ಸ್ ಕೊಡುತ್ತದೆ, ನಡುವಿನ ಕಂಪನಗಳನ್ನು ಲೆಕ್ಕಿಸುವುದಿಲ್ಲ. ಪಲ್ಸ್‌ಗಳ ಸರಾಸರಿ ವೋಲ್ಟೇಜ್ ವೇಗಕ್ಕೆ ಅನುಪಾತದಲ್ಲಿರುವುದರಿಂದ ಮುಳ್ಳಿನ ಮೀಟರ್ ಸಾಕು.

ನಾಲ್ಕು ಸಿಲಿಂಡರ್‌ನ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಒಂದು ಸುತ್ತಿಗೂ ಎರಡು ಕಿಡಿ. 6000 ಆರ್‌ಪಿಎಂ ಎಂದರೆ 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಕಿಡಿ. ಮೀಟರ್‌ನ ಹೊಂದಾಣಿಕೆಗೆ ದುಬಾರಿ ಉಪಕರಣವೇನೂ ಬೇಡ: ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಕೊಟ್ಟರೆ ಮುಳ್ಳು 1500 ತೋರಿಸಬೇಕು.