ರೈಲು ಎಂಜಿನ್ನಿನಿಂದ ರಾಕೆಟ್ಟಿಗೆ: ದಾವಣಗೆರೆಯ ಓದುಗರಿಗೆ ಉತ್ತರ

ಚೀನಾದ ರಾಕೆಟ್ ವಿಜ್ಞಾನಿ ಚಿಯೆನ್ ಶ್ವೆಸೆನ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಕ್ಯಾಂಪಸ್ಸಿನಲ್ಲಿ ಸಿಗುವ ಕೆಲಸ ಬೇಡ, ಹೊರದೇಶಕ್ಕೆ ಹೋಗಿ ದ್ರವಗಳ ಚಲನೆಯ ಬಗ್ಗೆ ಪಿಎಚ್.ಡಿ. ಮಾಡುತ್ತೇನೆ ಎನ್ನುತ್ತಾಳಂತೆ. “ರೈಲ್ವೆ ಎಂಜಿನಿಯರಿಂಗ್ ಓದಿದ ಹುಡುಗ ಐದೇ ವರ್ಷದಲ್ಲಿ ವಿಮಾನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಅವನ ಅಸಾಮಾನ್ಯ ಪ್ರತಿಭೆಯಿಂದ. ಅದನ್ನು ಓದಿ ಸಾಮಾನ್ಯ ಮಕ್ಕಳು ಕನಸು ಕಟ್ಟಿದರೆ ಗತಿಯೇನು? ಎಂಜಿನಿಯರಿಂಗ್ ಓದಿದ್ದು ದಂಡವಾಗುವುದಿಲ್ಲವೇ?” ಎಂಬುದು ಅವರ ಆತಂಕ. ಜೊತೆಗೆ, ಚಿಯೆನ್ ತಾವಾಗಿಯೇ ಸ್ವದೇಶಕ್ಕೆ ಮರಳಿದರೇ ಎಂದೂ ಕೇಳಿದ್ದಾರೆ.

ಚಿಯೆನ್ ಪ್ರತಿಭಾವಂತರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಎಂಜಿನಿಯರಿಂಗ್ ಬಿಟ್ಟು ಬೇರೆಲ್ಲಿಗೋ ಹಾರಿದರೆಂಬ ಭಾವನೆ ನಮ್ಮ ಲೇಖನದಿಂದ ಮೂಡಿದ್ದರೆ ಅದನ್ನು ಸರಿಪಡಿಸಬೇಕು. ಅವರು ನಡೆದದ್ದು ಅವರಿಗಿಂತ ಮೊದಲೇ ಹಲವರು ನಡೆದು ಸವೆಸಿದ್ದ ಹಾದಿಯಲ್ಲಿ.

1929ರಲ್ಲಿ ಚಿಯೆನ್ ಶಾಂಘೈನ ಚಿಯಾವೊಟುಂಗ್ ವಿಶ್ವವಿದ್ಯಾಲಯ ಸೇರಿದಾಗ ಅಲ್ಲಿನ ಪಾಠಕ್ರಮ ಬಹುಮಟ್ಟಿಗೆ ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಲಯ ಎಂಐಟಿಯ ಮಾದರಿಯಲ್ಲೇ ಇತ್ತು. ಪಠ್ಯಪುಸ್ತಕಗಳು ಅಮೆರಿಕದವು, ಪ್ರಯೋಗಗಳೂ ಅವೇ. ಎಷ್ಟರಮಟ್ಟಿಗೆಂದರೆ, ಮುಂದೆ ಎಂಐಟಿಗೆ ಹೋದಾಗ ಚಿಯೆನ್‌ಗೆ ಪ್ರಯೋಗಾಲಯ ಹೊಸದೆನಿಸಲಿಲ್ಲ. 1933ರ ಜಲಶಾಸ್ತ್ರ ಪರೀಕ್ಷೆಯ ಪ್ರಸಂಗವೊಂದನ್ನು ಚೀನಾದಲ್ಲಿ ಇಂದಿಗೂ ನೆನೆಯುತ್ತಾರೆ. ಮೇಷ್ಟ್ರು ಪೂರ್ತಿ ನೂರು ಅಂಕ ಕೊಟ್ಟಿದ್ದರು. ಸಮೀಕರಣವೊಂದರಲ್ಲಿ ಪುಟ್ಟ ಅಕ್ಷರವೊಂದನ್ನು ಬಿಟ್ಟಿದ್ದೇನೆಂದು ಚಿಯೆನ್ ತಾವೇ ಎದ್ದು ಹೇಳಿ 96ಕ್ಕೆ ಇಳಿಸಿಕೊಂಡರು. ಆ ಮೇಷ್ಟ್ರು ಉತ್ತರಪತ್ರಿಕೆಯನ್ನು ದಶಕಗಳ ಕಾಲ ಜೋಪಾನ ಮಾಡಿದರು. ಹುಡುಗನ ಪ್ರಾಮಾಣಿಕತೆ ದೊಡ್ಡದು, ನಿಜ. ಅದನ್ನು ಗುರುತಿಸಿ ಕಾಪಿಟ್ಟ ಮೇಷ್ಟ್ರು ಇದ್ದ ಕಾಲೇಜು ಅದೆಂಬುದೂ ಅಷ್ಟೇ ಮುಖ್ಯ.

1932ರಲ್ಲಿ ಜಪಾನಿನ ವಿಮಾನಗಳು ಶಾಂಘೈ ಮೇಲೆ ಬಾಂಬು ಸುರಿದವು. ಆ ತಲೆಮಾರಿನ ಎಷ್ಟೋ ವಿದ್ಯಾರ್ಥಿಗಳು ವಿಮಾನದತ್ತ ತಿರುಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. 1934ರಲ್ಲಿ ಪದವಿ ಮುಗಿಸಿದ ಚಿಯೆನ್, ಅಮೆರಿಕಕ್ಕೆ ಕಳಿಸುವ ಚಿಂಗ್‌ಹುವಾ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ವಿಮಾನ ವಿಭಾಗಕ್ಕೆ ಆಯ್ಕೆಯಾದರು. ಆ ಹಣದ ಮೂಲವನ್ನೂ ಇಲ್ಲಿ ಹೇಳಬೇಕು. ವಿದೇಶೀಯರ ವಿರುದ್ಧ ಚೀನಾದಲ್ಲಿ ಎದ್ದ ಬಾಕ್ಸರ್ ದಂಗೆಯ ನಂತರ 1901ರಲ್ಲಿ ಪಾಶ್ಚಾತ್ಯ ದೇಶಗಳೂ ಜಪಾನೂ ಸೇರಿ ಚೀನಾದ ಮೇಲೆ 45 ಕೋಟಿ ತೇಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿಯ ದಂಡ ಹೇರಿದ್ದವು. ಅಮೆರಿಕ ತನ್ನ ಪಾಲಿನ ಹೆಚ್ಚುವರಿ ಹಣವನ್ನು ವಿದ್ಯಾಭ್ಯಾಸಕ್ಕೆಂದು ಹಿಂತಿರುಗಿಸಿತು. ಚೀನಾದ ರೈತರಿಂದ ಕಿತ್ತ ಹಣವೇ ಚೀನಾದ ಮಕ್ಕಳ ಓದಿಗೆ ಮರಳಿತು. ಅದು ಯಾರ ದಾನವೂ ಆಗಿರಲಿಲ್ಲ.

ಆಯ್ಕೆಯಾದ ಕೂಡಲೇ ಹಡಗು ಹತ್ತಿಸಲಿಲ್ಲ ಎಂಬುದನ್ನು ಪತ್ರ ಬರೆದವರು ವಿಶೇಷವಾಗಿ ಗಮನಿಸಬೇಕು. ಮೊದಲು ಚೀನಾದ್ದೇ ವಿಮಾನ ಕಾರ್ಖಾನೆಗಳಲ್ಲಿ ತರಬೇತಿ. ಮಾರ್ಗದರ್ಶಕರಲ್ಲಿ ಒಬ್ಬರು, ಬೋಯಿಂಗ್ ಕಂಪನಿಯ ಆರಂಭದ ದಿನಗಳಲ್ಲಿ ಅಲ್ಲಿ ಎಂಜಿನಿಯರ್ ಆಗಿದ್ದ ವಾಂಗ್ ಚು. ರೈಲು ಎಂಜಿನ್ ಓದಿದವನಿಗೂ ವಿಮಾನಕ್ಕೂ ನಡುವಿನ ಅಂತರವನ್ನು ತುಂಬಿದ್ದು ಈ ಅವಧಿ. 1935ರಲ್ಲಿ ಹೊರಟ ಚಿಯೆನ್ ಮರುವರ್ಷವೇ ಎಂಐಟಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಆಮೇಲೆ ವಿನ್ಯಾಸ ಬಿಟ್ಟು ಸಿದ್ಧಾಂತದ ಕಡೆಗೆ ಹೊರಳುತ್ತೇನೆಂದಾಗ ತಂದೆಗೆ ಹಿಡಿಸಲಿಲ್ಲ. ದೇಶಕ್ಕೆ ವಿಮಾನ ಬೇಕಾಗಿರುವಾಗ ಈ ಸೂತ್ರ, ಲೆಕ್ಕ ಯಾಕೆ ಎಂಬುದು ಅವರ ಧಾಟಿ. ನಿಮ್ಮ ಪತ್ರದ ದನಿಯೂ ಅದೇ, ಅದರಲ್ಲಿ ತಪ್ಪೇನೂ ಇಲ್ಲ.

1936ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ ಹೋಗಿ ಅಲ್ಲಿನ ತಾಂತ್ರಿಕ ವಿದ್ಯಾಲಯ ಕ್ಯಾಲ್‌ಟೆಕ್‌ನಲ್ಲಿ ಥಿಯೊಡರ್ ಫಾನ್ ಕಾರ್ಮಾನ್ ಮುಂದೆ ನಿಂತರು. ಆ ಕಾರ್ಮಾನ್ ಯಾರು? ಬುಡಾಪೆಸ್ಟಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ಜರ್ಮನಿಯ ಗಟ್ಟಿಂಗನ್‌ಗೆ ಹೋಗಿ 1908ರಲ್ಲಿ ಡಾಕ್ಟರೇಟ್ ಪಡೆದವರು. ಅಲ್ಲಿ ಅವರ ಗುರು ಲುಡ್ವಿಗ್ ಪ್ರಾಂಟ್ಲ್ ಕೂಡ ಮೆಕ್ಯಾನಿಕಲ್ ಎಂಜಿನಿಯರೇ. ಕಾರ್ಖಾನೆಯಲ್ಲಿ ಉದುರುವ ಚೂರುಗಳನ್ನು ಗಾಳಿಯಿಂದ ಹೀರಿ ತೆಗೆಯುವ ಕೊಳವೆಯ ವ್ಯವಸ್ಥೆಯನ್ನು ಸುಧಾರಿಸುವಾಗ, ಗಾಳಿ ಕೊಳವೆಯ ಗೋಡೆಗೆ ಅಂಟಿಕೊಂಡೇ ಹರಿಯದೆ ಬಿಟ್ಟುಹೋಗುವುದೇಕೆ ಎಂಬ ಪ್ರಶ್ನೆ ಪ್ರಾಂಟ್ಲ್ ಅವರನ್ನು ಕಾಡಿತು. 1904ರಲ್ಲಿ ಅವರು ಮಂಡಿಸಿದ ಗಡಿಪದರದ (ಮೇಲ್ಮೈಗೆ ತಾಗಿಕೊಂಡು ಹರಿಯುವ ತೆಳು ಪದರದ) ಸಿದ್ಧಾಂತಕ್ಕೂ ಆ ಪ್ರಶ್ನೆಗೂ ನೇರ ನಂಟಿದೆ. ಇಂದು ವಿಮಾನದ ರೆಕ್ಕೆಯ ಯಾವ ಲೆಕ್ಕವೂ ಅದಿಲ್ಲದೆ ನಡೆಯದು. ಕಾರ್ಖಾನೆಯ ಕಸ ತೆಗೆಯುವ ಕೊಳವೆಯಿಂದ ಒಂದು ಶಾಸ್ತ್ರ ಹುಟ್ಟಿತೆಂದರೆ ಎಂಜಿನಿಯರಿಂಗ್ ಓದು ಹೇಗೆ ದಂಡವಾದೀತು?

ಕಾರ್ಮಾನ್ ಪಿಎಚ್.ಡಿ. ಮಾಡಿದ್ದು ಭಾರಕ್ಕೆ ಕಂಬಗಳು ಬಾಗುವ ಬಗ್ಗೆ. ಚಿಯೆನ್ ಕಾರ್ಮಾನರೊಡನೆ ಸೇರಿ ವಿಮಾನದ ತೆಳು ಲೋಹದ ಹೊದಿಕೆ ಒತ್ತಡಕ್ಕೆ ಕುಸಿಯುವ ಲೆಕ್ಕ ಬಿಡಿಸಿದರು. ಅಚ್ಚಾದ ಪ್ರಬಂಧ ಚಿಕ್ಕದು, ಅದಕ್ಕಾಗಿ ಬರೆದ ಹಸ್ತಪ್ರತಿ ನೂರಾರು ಪುಟ. ಹೆಚ್ಚಿನ ವೇಗದಲ್ಲಿ ಗಾಳಿ ಒತ್ತಿಕೊಳ್ಳುವುದನ್ನು ಲೆಕ್ಕಕ್ಕೆ ತರುವ ಸೂತ್ರಕ್ಕೆ ಇಬ್ಬರ ಹೆಸರೂ ಇದೆ. 1939ರಲ್ಲಿ ಡಾಕ್ಟರೇಟ್ ಬಂತು. ಅಷ್ಟರಲ್ಲಾಗಲೇ ಕ್ಯಾಲ್‌ಟೆಕ್‌ನ ವಿದ್ಯಾರ್ಥಿ ಫ್ರಾಂಕ್ ಮಲೀನಾ ಮತ್ತು ಗೆಳೆಯರ ರಾಕೆಟ್ ಗುಂಪನ್ನೂ ಅವರು ಸೇರಿದ್ದರು.

ಇನ್ನು ಮರಳಿದ ವಿಷಯ. 1949ರಲ್ಲಿ ಚಿಯೆನ್ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಅಂದರೆ ಅಲ್ಲೇ ಉಳಿಯುವ ಮನಸ್ಸೂ ಇತ್ತು. 1950ರಲ್ಲಿ ಅಮೆರಿಕದ ಅಧಿಕಾರಿಗಳು ಕಮ್ಯುನಿಸ್ಟ್ ಎಂಬ ಆರೋಪ ಹೊರಿಸಿ, ರಕ್ಷಣಾ ಸಂಶೋಧನೆಗೆ ಬೇಕಾದ ಅನುಮತಿಯನ್ನು ಕಿತ್ತುಕೊಂಡರು. ಹೋಗುತ್ತೇನೆಂದು ಹೊರಟಾಗ ಬಂಧಿಸಿದರು. ಬಿಟ್ಟ ಮೇಲೂ ಐದು ವರ್ಷ ಹೊರಗೆ ಹೋಗಲು ಬಿಡಲಿಲ್ಲ. ಜಿನೀವಾದಲ್ಲಿ ಎರಡೂ ದೇಶಗಳ ಮಾತುಕತೆ ನಡೆದ 1955ರಲ್ಲಷ್ಟೇ ಹಡಗು ಹತ್ತಿದರು. ಇದನ್ನು ದೇಶಪ್ರೇಮದ ಸರಳ ಕಥೆ ಮಾಡುವುದು ಸರಿಯಲ್ಲ. ತನಗಾಗಿ ದುಡಿದ ಒಬ್ಬ ವಿದ್ವಾಂಸನನ್ನು ಅಮೆರಿಕ ಅನುಮಾನದಿಂದ ಕಳೆದುಕೊಂಡಿತು, ಅವರಿಂದ ಚೀನಾ ಕ್ಷಿಪಣಿ ಕಟ್ಟಿತು. 1970ರ ಏಪ್ರಿಲ್ 24ರಂದು ಚೀನಾದ ಮೊದಲ ಉಪಗ್ರಹ ಹಾರಿತು. ಹೊರದೇಶಕ್ಕೆ ಓದಲು ಹೋಗುವವರು ರಾಜಕೀಯದ ಗಾಳಿ ಯಾವಾಗ ಬೇಕಾದರೂ ತಿರುಗಬಹುದೆಂದು ತಿಳಿದೇ ಹೋಗಬೇಕು. ಇದನ್ನು ಮಗಳಿಂದ ಮುಚ್ಚಿಡಬೇಡಿ.

ನಮ್ಮಲ್ಲಿಯೂ ಇದೇ ಹಾದಿ ಹಿಡಿದವರಿದ್ದಾರೆ. ಸತೀಶ್ ಧವನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರರು. ಅದಕ್ಕೂ ಮೊದಲು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದರು! ಚಿಯೆನ್ ಪ್ರಾಧ್ಯಾಪಕರಾಗಿದ್ದ ಅದೇ ಕ್ಯಾಲ್‌ಟೆಕ್‌ನಲ್ಲಿ, ಹಾನ್ಸ್ ಲೀಪ್‌ಮನ್ ಅವರ ಬಳಿ 1951ರಲ್ಲಿ ಪಿಎಚ್.ಡಿ. ಮುಗಿಸಿ, ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಿಮಾನದ ಮಾದರಿಗಳನ್ನು ಶಬ್ದಕ್ಕಿಂತ ವೇಗದ ಗಾಳಿಗೊಡ್ಡಿ ಪರೀಕ್ಷಿಸುವ ಗಾಳಿಸುರಂಗವನ್ನು ಕಟ್ಟಿದರು, ಶಿಷ್ಯರನ್ನು ಬೆಳೆಸಿದರು. ಮುಂದೆ ಇಸ್ರೊ ಮುನ್ನಡೆಸಿದ ಅವರನ್ನು ಕನ್ನಡ ಓದುಗರಿಗೆ ಪರಿಚಯಿಸಬೇಕಿಲ್ಲ.

ಆದ್ದರಿಂದ ಮಗಳು ಕನಸು ಕಾಣುತ್ತಿದ್ದಾಳೆಂದು ನಾವು ಹೇಳುವುದಿಲ್ಲ. ಆದರೆ ‘ಹೊರದೇಶದಲ್ಲಿ ಪಿಎಚ್.ಡಿ.’ ಎಂದಷ್ಟೇ ಅವಳು ಹೇಳುತ್ತಿದ್ದರೆ ಇನ್ನೂ ಕೆಲಸ ಬಾಕಿಯಿದೆ. ಯಾವ ಪ್ರಶ್ನೆ, ಯಾರ ಬಳಿ? ಅವರ ಇತ್ತೀಚಿನ ನಾಲ್ಕಾರು ಪ್ರಬಂಧಗಳನ್ನು ಓದಿದ್ದಾಳೆಯೇ? ಅದಕ್ಕೆ ಬೇಕಾದ ಗಣಿತ ಕಾಲೇಜಿನ ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚಿನದು, ಈಗಲೇ ಶುರುಮಾಡಲಿ. ಅಮೆರಿಕದಲ್ಲಿ ಬಿ.ಇ. ಮುಗಿಸಿದವರಿಗೆ ನೇರ ಪ್ರವೇಶವೂ, ಪಾಠ ಮಾಡುವ ಅಥವಾ ಸಂಶೋಧನೆಗೆ ನೆರವಾಗುವ ಕೆಲಸದ ಮೂಲಕ ವೇತನವೂ ಸಿಗುವುದುಂಟು. ಯುರೋಪಿನಲ್ಲಿ ಸಾಮಾನ್ಯವಾಗಿ ಮೊದಲು ಸ್ನಾತಕೋತ್ತರ ಪದವಿ ಕೇಳುತ್ತಾರೆ. ಸಾಲ ಮಾಡಿ ಪಿಎಚ್.ಡಿ.ಗೆ ಕಳಿಸಬೇಡಿ, ವೇತನ ಕೊಡುವ ಕಡೆ ಮಾತ್ರ ಹೋಗಲಿ. ಗೇಟ್ ಪರೀಕ್ಷೆಯನ್ನೂ ಬರೆಯಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಬಾಗಿಲನ್ನು ತಾನಾಗಿಯೇ ಮುಚ್ಚಿಕೊಳ್ಳುವುದು ಬೇಡ. ಚಿಯೆನ್‌ಗೆ ಕಾರ್ಖಾನೆಯಲ್ಲಿ ಸಿಕ್ಕ ಅವಧಿ ಅವಳಿಗೂ ಸಿಗಬೇಕು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ನೆಪಕ್ಕೆ ಮುಗಿಸದೆ, ಗಾಳಿಸುರಂಗವಿರುವ ಪ್ರಯೋಗಾಲಯವೊಂದರಲ್ಲಿ ಮಾಡಲು ಈ ವಾರವೇ ಅರ್ಜಿ ಹಾಕಲಿ.

— ಸಂಪಾದಕ