ಡೇಟಾಬೇಸ್ ಇರುವ ವೆಬ್ ಆಪ್ ಮಾಡುವಾಗ ಮೊದಲು ಏನು ನೋಡಿಕೊಳ್ಳಬೇಕು?

ಮೈಎಸ್‌ಕ್ಯೂಎಲ್ (MySQL) ಎಂಬ ಡೇಟಾಬೇಸ್ ಬಳಸುತ್ತೀರಿ ಅಂದುಕೊಂಡು ಹೇಳುತ್ತೇನೆ. ಮೊದಲು ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಗಳನ್ನು ಯಾವ ರೀತಿಯಲ್ಲಿ ಉಳಿಸಬೇಕು ಎಂಬ ಸೆಟ್ಟಿಂಗ್ ನೋಡಿ. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 (utf8) ಸೆಟ್‌ನಲ್ಲಿ ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಜಾಗ. ಕನ್ನಡದ ಅಕ್ಷರ, ಕಾಗುಣಿತದ ಗುರುತು ಒಂದೊಂದಕ್ಕೂ ಅಷ್ಟು ಸಾಕು, ಹಾಗಾಗಿ ಟೆಸ್ಟ್ ಮಾಡುವಾಗ ಎಲ್ಲ ಸರಿಯಾಗೇ ಕಾಣುತ್ತದೆ. ಯಾರಾದರೂ ನಗುವ ಎಮೋಜಿ ಹಾಕಿದರೆ 4 ಬೈಟ್ ಬೇಕು. ಆಗ ಎರರ್ ಬರುತ್ತದೆ, ಇಲ್ಲವೇ ಅಲ್ಲಿಂದ ಮುಂದಿನ ಬರಹವೇ ಕತ್ತರಿಸಿ ಹೋಗುತ್ತದೆ. ಟೇಬಲ್‌ಗೂ ಕನೆಕ್ಷನ್‌ಗೂ 4 ಬೈಟ್‌ಗೂ ಜಾಗವಿರುವ ಯುಟಿಎಫ್8ಎಂಬಿ4 (utf8mb4) ಇಡಿ.

ಬಳಕೆದಾರರು ಟೈಪ್ ಮಾಡಿದ್ದನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸ್‌ಗೆ ಕೊಡುವ ಆದೇಶಕ್ಕೆ) ಅಂಟಿಸಲೇಬೇಡಿ, ಆದೇಶವನ್ನೂ ಬಳಕೆದಾರರ ಬರಹವನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಹ್ಯಾಕರ್‌ಗಳ ಮಾತು ಹಾಗಿರಲಿ, ಮಂಗಳೂರಿನ ಡಿ'ಸೋಜ ಅವರ ಹೆಸರಿನ ಅಪಾಸ್ಟ್ರಫಿಯೊಂದೇ ಸಾಕು, ಕ್ವೆರಿ ಕೆಡುತ್ತದೆ.

ಪುಟ ನಿಧಾನವಾದರೆ ಸುಮ್ನೆ ದೊಡ್ಡ ಸರ್ವರ್ ತಗೋಬೇಡಿ. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ (EXPLAIN) ಎಂಬ ಪದ ಸೇರಿಸಿ ಓಡಿಸಿ, ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇರುವ ಸೂಚಿ) ಬಳಕೆಯಾಗುತ್ತಿದೆಯಾ ನೋಡಿ.